ಬೋನಾಳದ ಕೊಕ್ಕರೆಯೂ ನನ್ನ ಹುಳದ ಪಾಂಡಿತ್ಯವೂ

ಹುಳಗಳ ವಿಷಯದಲ್ಲಿ ನಾನು ಸಾಮಾನ್ಯ ಆಸಾಮಿಯಲ್ಲ ಎಂಬ ನಂಬಿಕೆ ನನಗೆ ಒಂದು ಕಾಲದಲ್ಲಿ ಇತ್ತು. ನಿಜಾಮರ ಆಳ್ವಿಕೆ ಹೋಗಿ, ನಮ್ಮ ಕಡೆಯ ಕಚೇರಿಗಳೆಲ್ಲ ಹೊಸ ಸರ್ಕಾರಕ್ಕೆ ಹೊಂದಿಕೊಳ್ಳುತ್ತಿದ್ದ ದಿನಗಳವು. ಸುರಪುರದ ದನದ ದವಾಖಾನೆಯಲ್ಲಿ ನಾನು ಹಂಗಾಮಿ ಕಂಪೌಂಡರ್. ಹಳೆಯ ಸರ್ಕಾರ ನನ್ನನ್ನು ಕಾಯಂ ಮಾಡುವ ಮೊದಲು ತಾನೇ ಹಂಗಾಮಿಯಾಗಿ ಹೋಗಿತ್ತು!

ಯಾದಗಿರಿಯಿಂದ ದೊಡ್ಡ ಡಾಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆ, ಅವರು ಹೂಂ ಅಂದರೆ ನೌಕರಿ ಕಾಯಂ, ಊಹೂಂ ಅಂದರೆ ಮನೆ ದಾರಿ ಎಂದು ತಿಳಿಯಿತು. ನೀರುಹಕ್ಕಿಗಳ ಹೊಟ್ಟೆಯ ಹುಳ ಎಂದರೆ ಅವರಿಗೆ ಪ್ರಾಣ ಎಂಬುದೂ ತಿಳಿಯಿತು. ಅಷ್ಟರಲ್ಲಿ ಬೋನಾಳ ಕೆರೆಯ ದಂಡೆಯಲ್ಲಿ ಸತ್ತು ಬಿದ್ದ ಕೊಕ್ಕರೆಯೊಂದು ನನ್ನ ಕೈಗೆ ಸಿಕ್ಕಿತು. ದವಾಖಾನೆಯಲ್ಲಿ ಕೊಯ್ದು ನೋಡಿದರೆ ಹೊಟ್ಟೆ ತುಂಬ ಬೆಳ್ಳನೆಯ ಉದ್ದ ಹುಳಗಳು. ತೊಳೆದು, ಸ್ಪಿರಿಟ್ ತುಂಬಿದ ಗಾಜಿನ ಭರಣಿಗೆ ಹಾಕಿದೆ. ಅಲ್ಲೇ ಇಟ್ಟರೆ ಕೀರ್ತಿಯನ್ನು ಬೇರೆ ಯಾರಾದರೂ ಹೊಡೆದುಕೊಂಡಾರು ಎಂದು ಮನೆಗೆ ತಂದು ಅಡುಗೆಮನೆಯ ಹಲಗೆಯ ಮೇಲೆ ಇಟ್ಟೆ.

"ಇದೇನ್ರಿ, ಉಪ್ಪಿನಕಾಯಿ ಬಾಜೂಕ ಹುಳ ಇಡಾಕತ್ತೀರಿ?" ಎಂದಳು ನನ್ನ ಹೆಂಡತಿ ನೀಲವ್ವ.

"ಅದು ಹುಳ ಅಲ್ಲ, ನನ್ನ ನೌಕರಿ."

"ಹಂಗಾರ ನಿಮ್ಮ ನೌಕರಿ ಕೊಟ್ಟಿಗ್ಯಾಗ ಇಡ್ರಿ."

ನಾನು ಕದಲಲಿಲ್ಲ. ಕಾಯಂ ಆಗುವವನಿಗೆ ಅಷ್ಟಾದರೂ ಗತ್ತು ಬೇಕಲ್ಲ.

ಸಾಹೇಬರು ಬರುವ ಹಿಂದಿನ ಸಂಜೆ, ಪಕ್ಕದ ಮನೆಯ ಖಾಸೀಂ ಚಾಚಾನನ್ನು ಕೂರಿಸಿಕೊಂಡು ನನ್ನ ಭಾಷಣದ ತಾಲೀಮು ಮಾಡಿದೆ. ಮುಚ್ಚಳ ತೆಗೆದರೆ ಸ್ಪಿರಿಟ್ ವಾಸನೆಯೇ ಇಲ್ಲ. ಹುಳಗಳು ಚೆನ್ನಾಗಿ ಹೀರಿಕೊಂಡಿವೆ ಎಂದು ಸಂತೋಷಪಟ್ಟೆ!

"ಚಾಚಾ, ಇದರ ಮರಿ ಮೀನಿನ ಮೈಯಾಗ ಇರ್ತಾವ. ಕೊಕ್ಕರಿ ಆ ಮೀನ ನುಂಗ್ತದ, ಮರಿ ಅದರ ಹೊಟ್ಟ್ಯಾಗ ದೊಡ್ಡವಾಗ್ತಾವ. ನೋಡ್ರಿ, ಇದು ತಲಿ, ಇದು ಬಾಲ."

"ತಲಿ ಯಾವ್ದು ಅಂತ ಹ್ಯಾಂಗ ಗೊತ್ತಾತು ಬೇಟಾ?"

"ಅದಕ್ಕ ವಿದ್ಯಾ ಬೇಕು ಚಾಚಾ."

ಒಳಗೆ ನೀಲವ್ವ ಕೆಮ್ಮಿದಳು. ಒಲೆಯ ಹೊಗೆ ಇರಬೇಕು ಎಂದುಕೊಂಡೆ.

ಮರುದಿನ ತಪಾಸಣೆ ಮುಗಿಸಿ ಸಾಹೇಬರು ನಮ್ಮಲ್ಲೇ ಊಟಕ್ಕೆ ಬಂದರು. ಶಾವಿಗೆ ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡರು. ಶುಭ ಶಕುನವೆಂದು ಬಗೆದು ಭರಣಿಯನ್ನು ಅವರ ಮುಂದಿಟ್ಟು, ತಲೆ ಬಾಲ ಸಮೇತ ಭಾಷಣ ಒಪ್ಪಿಸಿದೆ. ಸಾಹೇಬರು ಒಂದು ಹುಳವನ್ನು ತಟ್ಟೆಗೆ ತೆಗೆದು ಭೂತಗನ್ನಡಿ ಹಿಡಿದರು. ಮೂಸಿದರು. ನನ್ನ ಮುಖ ನೋಡಿದರು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡರು.

"ಸಾಹೇಬ್ರ, ಅದು ಕೊಕ್ಕರಿ ಹೊಟ್ಟ್ಯಾಗಿಂದ್ರಿ," ಎಂದು ಅವರ ಕೈ ಹಿಡಿದೆ.

"ಉಪ್ಪು ಜಾಸ್ತಿ ಆಗ್ಯಾದ," ಎಂದರು ಸಾಹೇಬರು. "ಪಾಯಸದಾಗಿಂದು ಚಲೋ ಇತ್ತು. ಹುಳದ ಎರಡೂ ತುದಿ ಮೊನಚ ಇರ್ತಾವ, ಕಂಪೌಂಡರ್. ಇದರ ತುದಿ ಮೊಂಡ ಅದ. ಇದು ಮುರಿದ ಶಾವಿಗಿ."

ನೌಕರಿ ಹೋಯಿತು ಎಂದುಕೊಂಡೆ. ಬಾಗಿಲ ಮರೆಯಿಂದ ನೀಲವ್ವನ ದನಿ ಬಂತು.

"ತಪ್ಪು ನಂದ್ರಿ ಸಾಹೇಬ್ರ. ಪಾಯಸಕ್ಕಂತ ನಿನ್ನೆ ಶಾವಿಗಿ ಡಬ್ಬಿ ಇಳಸಾಕ ಹೋದಾಗ ಭರಣಿ ಉರುಳಿ ಬಿತ್ತು. ಹುಳ ತಿಪ್ಪಿಗಿ ಹೋದ್ವು. ಇವರ ನೌಕರಿ ಹೋಗ್ತದಂತ ಅಂಜಿ, ಶಾವಿಗಿ ಕುದಿಸಿ ಉಪ್ಪುನೀರಾಗ ಹಾಕಿಟ್ಟೆ. ಸಂಜಿಕ ಹೇಳೋಣಂದ್ರ, ಅಷ್ಟೊತ್ತಿಗೆ ಇವರು ಅದರ ತಲಿ ಹುಡುಕಿಬಿಟ್ಟಿದ್ರು."

ಸಾಹೇಬರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೊನೆಗೆ ಕರವಸ್ತ್ರದಿಂದ ಮುಖ ಒರೆಸಿಕೊಂಡು, "ದನದ ಕೆಲಸ ಚಲೋ ಮಾಡ್ತಿ ಅಂತ ಊರಾಗ ಹೇಳ್ಯಾರ. ಕಾಯಂ ಮಾಡ್ತೀನಿ. ಹಕ್ಕಿ ತಂಟೆಗೆ ಮಾತ್ರ ಹೋಗಬ್ಯಾಡ," ಎಂದರು.

ಹೀಗೆ ನಾನು ಕಾಯಂ ಆದೆ. ನನ್ನ ಕೀರ್ತಿಯೂ ಕಾಯಂ ಆಯಿತು. ಇವತ್ತಿಗೂ ಹಬ್ಬದ ದಿನ ಶಾವಿಗೆ ಬಡಿಸಲು ಬಂದ ನೀಲವ್ವ ನನ್ನ ತಟ್ಟೆಯ ಮುಂದೆ ತುಸು ನಿಲ್ಲುತ್ತಾಳೆ.

"ತಲಿ ಕಡಿಂದ ಬಡಸ್ಲೇನ್ರಿ, ಬಾಲದ ಕಡಿಂದ?"

ಬಾಲದ ಕಡೆಯಿಂದ ಎನ್ನುತ್ತೇನೆ. ಅದು ಯಾವ ಕಡೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.