ಹೇಳೋ ಹಾಗಿಲ್ಲ

ಆಸ್ಪತ್ರೆಯ ಕಾರಿಡಾರಿನಲ್ಲಿ ಎದುರಾದಾಗ ಕೆಳಮನೆಯ ದರ್ಜಿ ಸುಮ್ಮನೆ "ಏನಣ್ಣ, ಆರಾಮಾ?" ಎಂದುಬಿಟ್ಟಿದ್ದರೆ ಅಷ್ಟೆಲ್ಲ ರಾದ್ಧಾಂತವೇ ಆಗುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಕೈಚೀಲವನ್ನು ಮುಖಕ್ಕೆ ಅಡ್ಡ ಹಿಡಿದು, ಗೋಡೆಗೆ ಮೈ ಒತ್ತಿಕೊಂಡು, ಕದ್ದು ಹಾಲು ಕುಡಿದ ಬೆಕ್ಕಿನ ಹಾಗೆ ಜಾರಿಹೋದ. ಅದೂ ಹೃದಯ ವಿಭಾಗದ ಕಡೆಯಿಂದ!

ಗಾಲಿಕುರ್ಚಿ ತಳ್ಳುತ್ತಿದ್ದ ಆಸ್ಪತ್ರೆಯಣ್ಣ ಇವನಿಗೇನು ಕಾಯಿಲೆಯೋ ಎಂದು ಹೆದರಿದ. ಕಾಲುಗಳು ಅಲ್ಲೇ ನಿಂತವು.

"ಯಾಕಪ್ಪ, ಪೆಟ್ರೋಲ್ ಮುಗೀತಾ?" ಎಂದಳು ಕುರ್ಚಿಯಲ್ಲಿದ್ದ ಮುದುಕಿ.

ಆಸ್ಪತ್ರೆಯಣ್ಣ ಎನ್ನುವುದು ವಠಾರದವರು ಇಟ್ಟ ಹೆಸರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ದಿನ ಬೆಳಗ್ಗೆಯಷ್ಟೇ ಆಡಳಿತಾಧಿಕಾರಿ ಮೇಡಂ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ನಡತೆಯ ಪಾಠ ಹೇಳಿದ್ದರು. "ನಮಗೆ ಎರಡೇ ಮಾತು ಮುಖ್ಯ. ಸುಳ್ಳು ಹೇಳಬಾರದು. ಇಲ್ಲಿಗೆ ಬಂದವರ ವಿಷಯ ಹೊರಗೆ ಬಾಯಿಬಿಡಬಾರದು. ಕಾಯಂ ಆಗೋರನ್ನ ನಾಳೆ ತೀರ್ಮಾನಿಸ್ತೀವಿ." ಉಳಿದವರು ಆಕಳಿಸುತ್ತ ಕೇಳಿದ್ದರು. ಆಸ್ಪತ್ರೆಯಣ್ಣ ಮಾತ್ರ ಎರಡನ್ನೂ ಗುಳಿಗೆಯ ಹಾಗೆ ನೀರು ಕುಡಿದು ನುಂಗಿದ್ದ.

ಸಂಜೆ ವಠಾರದ ಮೆಟ್ಟಿಲ ಬಳಿ ದರ್ಜಿಯ ಹೆಂಡತಿ ನಿಂತಿದ್ದಳು.

"ಅಣ್ಣಾ, ನಮ್ಮವ್ರು ದಾರ ತರ್ತೀನಿ ಅಂತ ಹೋದೋರು ಊಟಕ್ಕೂ ಬರ್ಲಿಲ್ಲ. ಎಲ್ಲಾದ್ರೂ ಕಂಡ್ರಾ?"

ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಗುಟ್ಟು ರಟ್ಟು. ಆಸ್ಪತ್ರೆಯಣ್ಣನ ಬಾಯಿ ಅಡಕತ್ತರಿಯಲ್ಲಿ ಸಿಕ್ಕಿತು. ಕೊನೆಗೆ ಅವನು ಬಹಳ ಯೋಚಿಸಿ, ಎರಡಕ್ಕೂ ಧಕ್ಕೆಯಾಗದ ಮಾತೊಂದನ್ನು ಹುಡುಕಿ ತೆಗೆದ.

"ಅದನ್ನ ಹೇಳೋ ಹಾಗಿಲ್ಲಕ್ಕ."

"ಹೇಳೋ ಹಾಗಿಲ್ವಾ?" ಅವಳ ಕೈಲಿದ್ದ ಪೊರಕೆ ಕೆಳಗೆ ಬಿತ್ತು. "ಅಂದ್ರೆ ಆಸ್ಪತ್ರೆಗೆ ಬಂದಿದ್ರಾ? ಸ್ಥಿತಿ ಅಷ್ಟು ಕೆಟ್ಟುಹೋಗಿದೆಯಾ?"

"ಅಯ್ಯೋ, ಕೆಟ್ಟಿದೆ ಅಂತ ನಾನೆಲ್ಲಿ ಹೇಳ್ದೆ?"

"ಚೆನ್ನಾಗಿದೆ ಅಂತಾನೂ ಹೇಳ್ಲಿಲ್ವಲ್ಲಣ್ಣ!"

ಅವಳ ಕೂಗಿಗೆ ಮೊದಲು ಓಡಿಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು. ಸಂಕಟದಲ್ಲಿರುವವರನ್ನು ಪ್ರಶ್ನೆ ಕೇಳುವುದೆಂದರೆ ಅವರಿಗೆ ಹಬ್ಬದೂಟ.

"ನೋಡಯ್ಯ, ನಿನಗೆ ಬಾಯಿಬಿಡೋ ಹಾಗಿಲ್ಲ, ಒಪ್ದೆ. ಬಿಡಬೇಡ. ನಾನು ಒಂದೊಂದೇ ಅಂಗ ಹೇಳ್ತಾ ಹೋಗ್ತೀನಿ. ಸರಿಯಾದದ್ದು ಬಂದಾಗ ಕಣ್ಣು ಮುಚ್ಚು, ಅಷ್ಟೇ. ಇದು ಹೇಳಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಹೊಟ್ಟೆ?"

ಆಸ್ಪತ್ರೆಯಣ್ಣ ಕಣ್ಣು ಬಿಟ್ಟೇ ನಿಂತ. ಸನ್ನೆಯಲ್ಲೂ ಗುಟ್ಟು ಜಾರಬಾರದು!

"ಲಿವರು? ಕಿಡ್ನಿ? ಶ್ವಾಸಕೋಶ?"

ಕಣ್ಣಲ್ಲಿ ನೀರು ತುಂಬಿತು. ರೆಪ್ಪೆ ನಡುಗಿತು. ಹಲ್ಲು ಕಚ್ಚಿ ತಡೆದ.

"ಗಂಟಲು? ಮೂತ್ರಕೋಶ? ಹೃದಯ?"

ಇನ್ನು ತಡೆಯಲಾಗಲಿಲ್ಲ. ರೆಪ್ಪೆಗಳು ಅಂಗಡಿ ಬಾಗಿಲ ಹಾಗೆ ದಢಾರನೆ ಬಿದ್ದವು.

"ಹೃದಯ!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆಮೇಲೆ ಸಂದರ್ಭ ನೆನಪಾಗಿ ಮುಖ ಸಪ್ಪೆ ಮಾಡಿಕೊಂಡರು. "ಪಾಪ. ಅಳ್ತಾನೂ ಇದಾನೆ ನೋಡಿ."

"ಉರಿಗೆ ಬಂದ ನೀರು ಸಾರ್ ಇದು!"

"ಗೆಳೆಯನಿಗೋಸ್ಕರ ಕರುಳು ಉರಿಯದೆ ಇರುತ್ತಾ?"

ಆಸ್ಪತ್ರೆಯಣ್ಣ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ. ಒಳಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕಾದಿದ್ದಳು.

"ನಂಗಾದ್ರೂ ಹೇಳಿ."

"ಹೇಳೋ ಹಾಗಿಲ್ಲ ಕಣೇ. ನಾಳೆ ಕೆಲಸದ ತೀರ್ಮಾನ."

"ಕಟ್ಟಿಕೊಂಡ ಹೆಂಡ್ತಿಗೂ?"

"ನಿನಗೆ ಹೇಳೋದೂ ಒಂದೇ, ಮೈಕ್ ಹಿಡ್ಕೊಂಡು ಬೀದಿ ಸುತ್ತೋದೂ ಒಂದೇ."

ಈ ಮಾತು ಸತ್ಯವೇ ಆಗಿತ್ತು. ಆದರೆ ಸತ್ಯ ಹೇಳಿದವನಿಗೆ ಆ ಸಂಜೆ ಚಹಾ ಸಿಗಲಿಲ್ಲ.

ಹೊರಗೆ ವಠಾರವೆಲ್ಲ ಕೆಲಸಕ್ಕಿಳಿದಿತ್ತು. ಯಾರೋ ಅಂಗಳಕ್ಕೆ ಮಂಚ ಹೊತ್ತು ತಂದರು. ಯಾರೋ ಹೊಲಿಗೆ ಯಂತ್ರವನ್ನು ಕಂಬಳಿಯಿಂದ ಮುಚ್ಚಿದರು, ಅದನ್ನು ನೋಡಿದರೆ ದರ್ಜಿಗೆ ದುಃಖ ಉಕ್ಕೀತೆಂದು. ಮೇಷ್ಟ್ರು ಮೆಲ್ಲಗೆ ದರ್ಜಿಯ ಹೆಂಡತಿಯ ಕಿವಿಯ ಬಳಿ ಬಾಗಿದರು.

"ಈ ಹೊತ್ತಲ್ಲಿ ಕೇಳಬಾರದಮ್ಮ. ಆದ್ರೂ... ನನ್ನ ಪ್ಯಾಂಟು ಹೊಲಿದು ಆಗಿದೆಯಾ?"

"ಒಂದು ಕಾಲು ಆಗಿದೆ ಸಾರ್," ಎಂದು ಅವಳು ಬಿಕ್ಕಿದಳು. ಈಗ ಮೇಷ್ಟ್ರಿಗೂ ನಿಜವಾದ ದುಃಖವಾಯಿತು.

ಅದೇ ಹೊತ್ತಿಗೆ ದರ್ಜಿ ಶಿಳ್ಳೆ ಹಾಕುತ್ತ ಬಂದ. ನಾಲ್ಕು ಜನ ಹಾರಿ ಅವನನ್ನು ಹಿಡಿದರು. "ನಡೀಬೇಡಿ! ಉಸಿರು ಮೆಲ್ಲಗೆ ಬಿಡಿ!" ಎನ್ನುತ್ತ ಎತ್ತಿ ಮಂಚಕ್ಕೆ ಹಾಕಿದರು.

"ಬಿಡ್ರೋ! ಏನಾಗಿದೆ ನಿಮಗೆಲ್ಲ?"

"ಆಸ್ಪತ್ರೆಗೆ ಹೋಗಿದ್ದನ್ನ ನನ್ನಿಂದ ಮುಚ್ಚಿಟ್ರಲ್ಲ!" ಎಂದು ಹೆಂಡತಿ ಅವನ ಎದೆಯ ಮೇಲೆ ಬಿದ್ದು ಅತ್ತಳು. ರೋಗವಿಲ್ಲದ ಎದೆಯೂ ಒಂದು ಕ್ಷಣ ನಿಲ್ಲುವಷ್ಟು ಭಾರವಿತ್ತು ಅವಳದು.

"ನಾನು ಆಸ್ಪತ್ರೆಗೆ ಹೋಗಿದ್ದು ನಿಂಗ್ಯಾರು ಹೇಳಿದ್ದು?"

ಎಲ್ಲರ ಬೆರಳೂ ಮೇಲಿನ ಕಿಟಕಿಯ ಕಡೆ ತಿರುಗಿದವು.

"ನಾನು ಒಂದು ಮಾತೂ ಹೇಳಿಲ್ಲ!" ಎಂದು ಆಸ್ಪತ್ರೆಯಣ್ಣ ಕಿಟಕಿಯಿಂದ ಅರಚಿದ.

"ಅದನ್ನೇ ನಾವೂ ಹೇಳ್ತಿರೋದು! ಒಂದು ಮಾತೂ ಹೇಳ್ಲಿಲ್ಲ!"

ದರ್ಜಿಗೆ ನಗು ತಡೆಯಲಾಗಲಿಲ್ಲ. ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ಎದ್ದು ಕುಳಿತ. "ನಂಗೇನ್ರೋ ಬಂದಿದೆ ರೋಗ? ಗುಂಡುಕಲ್ಲಿನ ಹಾಗಿದೀನಿ. ಆಸ್ಪತ್ರೆಯಣ್ಣ, ಇಳಿದು ಬಾ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ನಾನು ಬಂದಿದ್ದು ನಿನ್ನ ಸಲುವಾಗಿ!"

ಆಸ್ಪತ್ರೆಯಣ್ಣ ಮೆಟ್ಟಿಲಿಳಿದು ಬಂದ.

"ನಿನ್ನನ್ನ ಕಾಯಂ ಮಾಡೋ ಮುಂಚೆ ನೆರೆಯವರನ್ನ ವಿಚಾರಿಸ್ಬೇಕಂತೆ. ನಿಮ್ಮ ಮೇಡಂ ಹೃದಯ ವಿಭಾಗದ ಪಕ್ಕದ ತಮ್ಮ ಕೋಣೆಗೆ ಬರೋಕೆ ನಂಗೆ ಹೇಳಿಕಳಿಸಿದ್ರು. ಯಾರಿಗೂ ಹೇಳಬೇಡಿ ಅಂದಿದ್ರು, ಅದಕ್ಕೇ ನಿನ್ನ ಕಂಡು ಮುಖ ಮುಚ್ಕೊಂಡೆ. ಆಮೇಲೆ ಮನೆಗೆ ಬಂದ್ರೆ ಬಾಯಿಬಿಡ್ತೀನೋ ಅಂತ ಇಷ್ಟು ಹೊತ್ತು ಗೆಳೆಯನ ಅಂಗಡೀಲಿ ಕೂತಿದ್ದೆ."

ಆಸ್ಪತ್ರೆಯಣ್ಣನ ಮುಖ ಅರಳಿತು. ಇಡೀ ದಿನದ ಪಾಡು ಸಾರ್ಥಕವಾಯಿತು ಎನ್ನಿಸಿತು. "ಅಣ್ಣಾ! ಏನಂದೆ ನನ್ನ ಬಗ್ಗೆ?"

"ಹಾಡಿ ಹೊಗಳಿಬಿಟ್ಟೆ! ಆಸ್ಪತ್ರೆ ವಿಷಯ ಮನೇಲಿ ಮಾತಾಡ್ತಾರಾ ಅಂತ ಕೇಳಿದ್ರು. ನೋಡು, ನೀನು ನಮ್ಮ ಹತ್ರ ಯಾವತ್ತೂ ತುಟಿಪಿಟಕ್ ಅಂದವನಲ್ಲ. ಅದನ್ನ ಹೇಳಿದ್ರೆ ಜಂಬದ ಮನುಷ್ಯ ಅಂದ್ಕೋತಾರೆ. ಅದಕ್ಕೆ ನಾನೇ ಸ್ವಲ್ಪ ಉಪ್ಪುಖಾರ ಹಚ್ಚಿದೆ. 'ಅಯ್ಯೋ ಮೇಡಂ, ಹೂವಿನಂಥ ಮನಸ್ಸು ಅವರದು! ದಿನಾ ಸಂಜೆ ನಮ್ಮನ್ನೆಲ್ಲ ಕೂರಿಸ್ಕೊಂಡು ಯಾರಿಗೆ ಯಾವ ಕಾಯಿಲೆ, ಯಾರ ಮನೇಲಿ ಏನು ಜಗಳ, ಒಂದೂ ಬಿಡದೆ ಹೇಳ್ತಾರೆ' ಅಂದೆ."

ಆಸ್ಪತ್ರೆಯಣ್ಣ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡ.

"ಮೇಡಂ ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿದ್ರು ಕಣಪ್ಪ! 'ಇಂಥವರನ್ನ ಎಲ್ಲಿಡಬೇಕೋ ಅಲ್ಲೇ ಇಡ್ತೀವಿ' ಅಂತ ಎದ್ದುನಿಂತು ನನ್ನ ಕೈ ಕುಲುಕಿದ್ರು. ನಾಳೆ ಬೆಳಗ್ಗೆ ಎಲ್ಲರಿಗಿಂತ ಮೊದಲು ನಿನ್ನನ್ನೇ ಕರೀತಾರಂತೆ!"

ವಠಾರ ಸಂತೋಷದಿಂದ ಕೇಕೆ ಹಾಕಿತು. ಹೆಂಡತಿ ಮುನಿಸು ಮರೆತು ಓಡಿಬಂದಳು. "ರೀ, ಯಾಕೆ ಹೀಗೆ ಬೆವರ್ತಿದೀರಿ? ಏನಾಯ್ತು, ಹೇಳಿ!"

ಇದನ್ನು ಹೇಳಲು ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಆದರೆ ಆಸ್ಪತ್ರೆಯಣ್ಣನಿಗೆ ಬಾಯಿಯೇ ಬರಲಿಲ್ಲ.