ಮೂಗು ಹಿಡಿದು ‘ಮ’ ಹೇಳಿ

ವಿದ್ಯೆ ಶುರುವಾಗುವುದು ವಿಜಯದಶಮಿಯ ದಿನ, ಅಕ್ಕಿ ತುಂಬಿದ ಹರಿವಾಣದಲ್ಲಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಬೆರಳು ಹಿಡಿದು ಬರೆಸಿದ್ದು ಅಜ್ಜ, ನಿಜವಾಗಿ ಬರೆದದ್ದೂ ಅಜ್ಜನೇ. ನನ್ನ ಪಾಲಿಗೆ ಬಂದ ಕೆಲಸ ಅಳುವುದು ಮಾತ್ರ. ಹೀಗೆಲ್ಲ ಹೇಳಿದರೆ ಮನೆಯವರು ನನ್ನನ್ನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಬಿಟ್ಟದ್ದೇ ತಪ್ಪಾಯಿತು ಎನ್ನುತ್ತಾರೆ. ಆದರೆ ಯಾರಲ್ಲಾದರೂ ಜಗಳ ಮಾಡಲಿಕ್ಕೆ ಇದ್ದರೆ ಕಳಿಸುವುದು ನನ್ನನ್ನೇ.

ಈ ಸಲ ಅಕ್ಕ ಕಳಿಸಿದ್ದು ಗಡಿನಾಡಿನ ನಮ್ಮ ಕುಂಜತ್ತೂರಿನ ಅಂಗನವಾಡಿಗೆ. ಅವಳ ಮಗಳು ಶ್ರಾವ್ಯಳಿಗೆ ಐದು ದಾಟಿದೆ, ಎರಡು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದಾಳೆ. ಪಕ್ಕದ ಮನೆಯ ಅದೇ ಪ್ರಾಯದ ಹುಡುಗಿ ಉಪ್ಪಳದ ಯುಕೆಜಿಯಲ್ಲಿ ಪುಟಗಟ್ಟಲೆ ಬರೆಯುತ್ತಾಳೆ; ನಮ್ಮವಳ ಸ್ಲೇಟು ಅಂಗಡಿಯಿಂದ ತಂದ ಹಾಗೇ ಉಂಟು.

“ಅಲ್ಲಿ ಎಂತ ಕಲಿಸ್ತಾರೆ ಅಂತ ಕೇಳಿ ಬಾ ಮಾರಾಯ್ತಿ. ಸರಿಯಾದ ಉತ್ತರ ಇಲ್ಲದಿದ್ರೆ ಸೋಮವಾರವೇ ಬಿಡಿಸಿ ಉಪ್ಪಳಕ್ಕೆ ಹಾಕುದು,” ಎಂದಳು ಅಕ್ಕ. ಇದನ್ನು ಕೇಳಿಸಿಕೊಂಡ ಶ್ರಾವ್ಯ ಟೀಚರನ್ನು ಬಿಟ್ಟು ಹೋಗುವುದಿಲ್ಲವೆಂದು ಊಟ ಬಿಟ್ಟು ಕೂತಳು.

ನಾನು ಮೂರು ಪಾಯಿಂಟು ಜೋಡಿಸಿಕೊಂಡು ಹೋದೆ. ಸುಮತಿ ಟೀಚರ್ ಚಾಪೆಯ ಮೇಲೆ ಹತ್ತು ಮಕ್ಕಳ ನಡುವೆ ಕೂತಿದ್ದರು. ಗೋಡೆಯಲ್ಲಿ ಅಕ್ಷರಮಾಲೆ ತೂಗುತ್ತಿತ್ತು, ಅದರ ಕಡೆ ಯಾರೂ ನೋಡುತ್ತಿರಲಿಲ್ಲ. ಅವರ ಕೈಯಲ್ಲಿ ಒಂದು ಕೆಂಪು ಮೆಣಸು. ಇದಕ್ಕೆ ನಿಮ್ಮ ಮನೆಯಲ್ಲಿ ಎಂತ ಹೇಳುವುದು ಎಂದು ಕೇಳಿದರು. ಶ್ರಾವ್ಯ ಮೆಣಸು ಅಂದಳು, ತುಳು ಮಾತಾಡುವ ಹುಡುಗ ಮುಂಚಿ ಅಂದ, ಮಲಯಾಳದ ಮನೆಯವಳು ಮುಳಗ್ ಅಂದಳು. ಯಾವುದು ಸರಿ ಎಂಬ ತಗಾದೆಯೇ ಇಲ್ಲ. ಮೂರೂ ಶುರುವಾಗುವಾಗ ಬಾಯಿ ಏನು ಮಾಡಿತು ನೋಡಿ ಎಂದರು ಟೀಚರ್. ಹತ್ತೂ ಮಕ್ಕಳು ತುಟಿ ಮುಚ್ಚಿ ಜೇನುಹುಳದ ಹಾಗೆ ‘ಮ್ಮ್’ ಎಂದರು. ಮೂರು ಭಾಷೆಯವರನ್ನು ಇಷ್ಟು ಬೇಗ ಒಮ್ಮತಕ್ಕೆ ತಂದ ಸಭಾಪತಿಯನ್ನು ನಾನು ಕಂಡಿರಲಿಲ್ಲ.

ಆದರೂ ಬಿಡಲಿಲ್ಲ. ಸದ್ದೆಲ್ಲ ಸರಿ, ಬರವಣಿಗೆ ಯಾವಾಗ ಎಂದೆ.

“ಕಿವಿಗೆ ಗೊತ್ತಿಲ್ಲದ್ದನ್ನು ಕೈಗೆ ಹೇಳಿಕೊಟ್ರೆ ಅದು ರಂಗೋಲಿ ಆಗ್ತದೆ,” ಎಂದರು ಟೀಚರ್. “ನಿಮಗೆ ಗೊತ್ತುಂಟಲ್ಲ, ‘ಮ’ ಹೇಳಲಿಕ್ಕೆ ಎಂತೆಲ್ಲ ಬೇಕು?”

ತುಟಿ ಸಾಕು ಎಂದೆ, ತೀರ್ಪು ಕೊಡುವವಳಂತೆ.

ಮುಳಗ್ ಎಂದಿದ್ದ ಆಯಿಷಾ ಎದ್ದು ಬಂದು, ಕೇಳದೆಯೇ ನನ್ನ ಮೂಗು ಹಿಡಿದಳು. “ಈಗ ಹೇಳಿ ಚೇಚಿ,” ಎಂದಳು, ಅವಳ ಮಾತಿನಲ್ಲಿ ಅಕ್ಕ.

ಹೇಳಿದೆ. ‘ಮ’ ಬರಲಿಲ್ಲ, ನೆಗಡಿಯಾದವರ ‘ಬ’ ಬಂತು. ಚಾಪೆಯ ತುಂಬ ನಗು. ಅನುನಾಸಿಕಗಳು ಯಾವುವೆಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಆ ಕೆಲಸದಲ್ಲಿ ನನ್ನ ಸ್ವಂತ ಮೂಗಿಗೂ ಪಾತ್ರವುಂಟೆಂದು ತಿಳಿದದ್ದು ಅವತ್ತೇ. ನನ್ನ ಮೂರು ಪಾಯಿಂಟುಗಳೂ ಆ ಪುಟ್ಟ ಬೆರಳುಗಳ ನಡುವೆ ಸಿಕ್ಕಿ ಸತ್ತವು. ಇವರು ಓದಿಗೆ ಮೊದಲು ಕಿವಿ, ತುಟಿ, ಮೂಗುಗಳನ್ನೆಲ್ಲ ಮಕ್ಕಳಿಗೆ ಪರಿಚಯ ಮಾಡಿಸುತ್ತಿದ್ದರು, ಅದೂ ಯಾರ ಮನೆಮಾತನ್ನೂ ಹೊರಗೆ ನಿಲ್ಲಿಸದೆ.

ಮನೆಗೆ ಬಂದು ಟೀಚರ ಪರವಾಗಿ ಅರ್ಧ ಗಂಟೆ ವಾದಿಸಿದೆ. ಅಕ್ಕ ಸಹನೆಯಿಂದ ಕೇಳಿ, “ನಾನು ಕಳಿಸಿದ್ದು ನನ್ನ ಪಾರ್ಟಿಯಿಂದ, ನೀನು ಅಲ್ಲಿ ಸೇರಿ ಬಂದೆಯಾ?” ಎಂದಳು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮೇಲೆ ಮಗು ಹಿಂದೆ ಬಿದ್ದರೆ ಹೊಣೆ ನನ್ನದು. ಗೆದ್ದ ಹುಮ್ಮಸ್ಸಿನಲ್ಲಿ ಹೂಂ ಎಂದೆ. ಶ್ರಾವ್ಯ ಎರಡು ಸಲ ಅನ್ನ ಹಾಕಿಸಿಕೊಂಡಳು.

ಸೋಮವಾರ ಅವಳನ್ನು ಅಂಗನವಾಡಿಗೆ ಬಿಡಲು ನಾನೇ ಹೋದೆ. ಎಲ್ಲರಲ್ಲೂ ಪುರಾವೆ ಕೇಳುತ್ತಾ ಬಂದವಳ ಕೈಯಲ್ಲಿ ಈಗ ಒಂದು ಪುರಾವೆಯೂ ಇರಲಿಲ್ಲ, ಇದ್ದದ್ದು ಮೆಚ್ಚುಗೆ ಮಾತ್ರ. ಟೀಚರ್, ಕಣ್ಣು ಮುಚ್ಚಿಕೊಂಡು ಸದ್ದು ಗುರುತಿಸುತ್ತಿದ್ದ ಮಕ್ಕಳ ಹಿಂದೆ ನಿಂತು ಚಮಚದಿಂದ ಲೋಟ ತಟ್ಟುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ನನ್ನಿಂದ ತಡೆಯಲಾಗಲಿಲ್ಲ, ಅಕ್ಕನದೇ ಸ್ವರದಲ್ಲಿ ಪಿಸುಗುಟ್ಟಿದೆ:

“ಟೀಚರ್, ಜೂನಿನ ಒಳಗೆ ಇವಳು ಓದ್ತಾಳಲ್ಲ?”