ಮಾವನ ಕಾರಿನ ನಡುಕ

ಅತ್ತೆಯ ಜೊತೆ ಊರಿಗೆ ಹೊರಡುವಾಗ ಮಾವ ಕಾರಿನ ಕೀಲಿಯನ್ನು ಅಳಿಯನ ಅಂಗೈಯಲ್ಲಿಟ್ಟರು. ಇಟ್ಟರೇ ಹೊರತು ಬಿಡಲಿಲ್ಲ.

"ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ, ಬ್ಯಾಟರಿ ಸಾಯಬಾರದು. ಶೆಡ್ಡಿಂದ ಆಚೆ ತೆಗೀಬೇಡಿ. ನಾವು ವಾಪಸ್ ಬರೋ ದಿನ ಸ್ಟೇಷನ್ನಿಗೆ ತನ್ನಿ, ಅಷ್ಟೆ. ಗಾಡಿ ಬಿಟ್ಟು ಹೋದ ಹಾಗೇ ಇದ್ರೆ, ಭಾನುವಾರ ಮಕ್ಕಳನ್ನ ಹೊಳೆ ಕಡೆ ಕರ್ಕೊಂಡು ಹೋಗೋಕೆ ನಿಮ್ಗೇ ಕೊಡ್ತೀನಿ."

ಮದುವೆಯಾದ ಒಂಬತ್ತು ವರ್ಷದಲ್ಲಿ ಮಾವನ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ಮಕ್ಕಳು ಆಗಲೇ ಕಿಟಕಿ ಪಕ್ಕದ ಸೀಟಿಗೆ ಜಗಳ ಶುರು ಮಾಡಿದ್ದವು. ಅಳಿಯ ಆರು ದಿನ ಶೆಡ್ಡಿನಲ್ಲೇ ಕೂತು, ಗೋಡೆ ನೋಡುತ್ತಾ ಸ್ಟಾರ್ಟ್ ಮಾಡಿ ಆಫ್ ಮಾಡಿದ. ಏಳನೆಯ ದಿನ ಬುದ್ಧಿ ಕೆಟ್ಟಿತು. ಹೇಗೂ ಸಂಜೆ ಐದಕ್ಕೆ ಸ್ಟೇಷನ್ನಿಗೆ ಒಯ್ಯಬೇಕು, ಆಫೀಸಿನಿಂದ ನೇರ ಹೋದರಾಯಿತು ಎಂದುಕೊಂಡು ಬೆಳಿಗ್ಗೆಯೇ ಕಾರು ತೆಗೆದ.

ಇಳಿಜಾರಿನಲ್ಲಿ ಒಂದು ಗುಂಡಿ ಬಂತು. ಗುಂಡಿ ದಾಟಿ, ಮೊದಲ ಸಲ ಜೋರಾಗಿ ಬ್ರೇಕ್ ಒತ್ತಿದ. ಸ್ಟಿಯರಿಂಗ್ ಹಿಟ್ಟಿನ ಗಿರಣಿಯ ಜರಡಿಯಂತೆ ಗಡಗಡ ನಡುಗಿತು. ಕಾಲು ತೆಗೆದರೆ ಸುಮ್ಮನಾಯಿತು, ಮತ್ತೆ ಒತ್ತಿದರೆ ಮತ್ತೆ ನಡುಕ. ಮಾವನ ಕಾರನ್ನು ಕೆಡಿಸಿಬಿಟ್ಟೆನಲ್ಲ, ಭಾನುವಾರ ಹಾಳಾಯಿತಲ್ಲ ಎಂದು ಅಳಿಯ ಹಳಹಳಿಸಿದ.

ಅವನು ಕೆಲಸ ಮಾಡುವ ನೀರು ಸರಬರಾಜು ಕಚೇರಿಯಲ್ಲಿ ಈ ಸುದ್ದಿ ನೀರಿಗಿಂತ ಬೇಗ ಹರಿಯಿತು. ಮೊದಲು ಬಂದವರು ಹೆಡ್‌ಕ್ಲಾರ್ಕು.

"ಗಾಳಿ ಜಾಸ್ತಿ ಆಗಿರುತ್ತೆ ಕಣ್ರೀ. ಸ್ವಲ್ಪ ಬಿಡಿ."

ನಾಲ್ಕೂ ಚಕ್ರದ ಗಾಳಿ ಬಿಟ್ಟದ್ದಾಯಿತು. ಆಗ ಬಾಯಿ ತೆಗೆದ ವಾಚ್‌ಮನ್, "ಗಾಳಿ ಕಮ್ಮಿಯಾದ್ರೇ ಸಾರ್ ನಡುಗೋದು" ಎಂದು ತನ್ನ ಸೈಕಲ್ ಪಂಪು ತಂದ. ಅಳಿಯ, ವಾಚ್‌ಮನ್ ಇಬ್ಬರೂ ಸರದಿಯ ಮೇಲೆ ಗಾಳಿ ಹೊಡೆದು ಅಂಗಿ ಒದ್ದೆ ಮಾಡಿಕೊಂಡರು. ಕ್ಯಾಶಿಯರ್ ಕಿಟಕಿಯಿಂದಲೇ ತೀರ್ಪು ಕೊಟ್ಟ. "ವೀಲ್ ಬ್ಯಾಲೆನ್ಸ್ ಮಾಡಿಸಿ. ನಮ್ಮ ಷಡ್ಡಕನ ಗಾಡಿಗೂ ಹೀಗೇ ಆಗಿತ್ತು."

"ಆಮೇಲೆ ಸರಿಹೋಯ್ತಾ?"

"ಮಾರಿಬಿಟ್ಟ."

ಆದರೂ ಅಳಿಯ ಟೈರ್ ಅಂಗಡಿಗೆ ಹೋಗಿ ಬ್ಯಾಲೆನ್ಸ್ ಮಾಡಿಸಿದ. ಊಟದ ಹೊತ್ತಿಗೆ ಹೆಡ್‌ಕ್ಲಾರ್ಕು, ಕ್ಯಾಶಿಯರು ಇಬ್ಬರೂ ಕಾರು ಹತ್ತಿ ಪರೀಕ್ಷೆಗೆ ಹೊರಟರು. "ಈಗ ಬ್ರೇಕ್ ಹಾಕಿ. ಇನ್ನೊಂದ್ಸಲ ಹಾಕಿ" ಎಂದು ಹೆಡ್‌ಕ್ಲಾರ್ಕು ಹೇಳುತ್ತಾ ಹೋದರು. ನಡುಕ ಕೂದಲಷ್ಟೂ ಕಮ್ಮಿಯಾಗಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಸಾಹೇಬರು ಗೇಟಿನಲ್ಲೇ ಕಂಡದ್ದರಿಂದ ಹಿತೈಷಿಗಳಿಬ್ಬರೂ ಮೆಲ್ಲಗೆ ಇಳಿದುಕೊಂಡರು. ಅಳಿಯ ಅರ್ಧ ದಿನದ ರಜೆ ಬರೆದುಕೊಟ್ಟು ಮೆಕ್ಯಾನಿಕ್ ಹತ್ತಿರ ಓಡಿದ.

ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಸುಮ್ನೆ ಓಡುವಾಗ್ಲೂ ನಡುಗುತ್ತಾ, ಬ್ರೇಕ್ ಹಾಕಿದಾಗ ಮಾತ್ರನಾ?"

"ಬ್ರೇಕ್ ಹಾಕಿದಾಗ ಮಾತ್ರ."

"ಹಾಗಾದ್ರೆ ಟೈರಿನ ತಂಟೆಗೆ ಯಾಕೆ ಹೋದ್ರಿ? ಬ್ರೇಕಿನ ಡಿಸ್ಕು ನೋಡ್ಬೇಕು."

ಮುಂದಿನ ಚಕ್ರ ಬಿಚ್ಚಿದ. ಒಳಗಿದ್ದ ತಟ್ಟೆಯಂಥ ಡಿಸ್ಕಿಗೆ ಮುಳ್ಳಿನ ಗೇಜು ತಾಗಿಸಿ ಮೆಲ್ಲಗೆ ತಿರುಗಿಸಿದ. ಮುಳ್ಳು ಹಿಂದೆ ಮುಂದೆ ಆಡಿತು. "ನೋಡಿ, ಮಟ್ಟಸವಾಗಿಲ್ಲ. ಬ್ರೇಕ್ ಹಿಡಿದಾಗ ಈ ಉಬ್ಬು ತಗ್ಗು ಸಿಕ್ಕಿ ಸ್ಟಿಯರಿಂಗ್ ಅಲ್ಲಾಡುತ್ತೆ."

"ಬೆಳಿಗ್ಗೆ ಒಂದು ಗುಂಡಿಗೆ ಇಳಿಸಿದ್ದೆ. ಅದಕ್ಕೇ ಅಲ್ವಾ?"

"ಒಂದು ಗುಂಡಿಗೆಲ್ಲ ಹೀಗಾಗಲ್ಲ ಸಾರ್. ಇದು ಎರಡು ಮೂರು ವರ್ಷದ ನಡುಕ."

ಪಾಪ, ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡ ಅಳಿಯ. ಎರಡೂ ಕಡೆ ಹೊಸ ಡಿಸ್ಕು, ಹೊಸ ಪ್ಯಾಡು ಕೂತವು. ಹಳೆಯವನ್ನು ಮೆಕ್ಯಾನಿಕ್ ಗೋಣಿಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿದ. ಪಕ್ಕದಲ್ಲಿ ಕೂತು ನಾಲ್ಕಾರು ಸಲ ಹದವಾಗಿ ಬ್ರೇಕ್ ಹಿಡಿಸಿ ಪಳಗಿಸಿದ. ಸ್ಟಿಯರಿಂಗ್ ಮಿಸುಕಲಿಲ್ಲ. ಅಳಿಯನಿಗೆ ಅಳು ಬರುವಷ್ಟು ಸಂತೋಷವಾಯಿತು.

ಐದಕ್ಕೆ ಸರಿಯಾಗಿ ರೈಲು ಬಂತು. ಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೀಲಿ ಇಸಿದುಕೊಂಡು ಸ್ಟಿಯರಿಂಗ್ ಹಿಂದೆ ಕೂತರು. ಅಳಿಯ ಪಕ್ಕಕ್ಕೆ, ಅತ್ತೆ ಹಿಂದಕ್ಕೆ.

ಮೊದಲ ಸಿಗ್ನಲ್ಲಿನಲ್ಲಿ ಮಾವ ಬ್ರೇಕ್ ಹಾಕಿದರು. ಕಾರು ಮೆತ್ತಗೆ ನಿಂತಿತು. ಸ್ಟಿಯರಿಂಗ್ ಅಲ್ಲಾಡಲಿಲ್ಲ. ಅದರ ಮೇಲಿದ್ದ ಮಾವನ ಎರಡೂ ಕೈ ಮಾತ್ರ ನಡುಗುತ್ತಿದ್ದವು.

"ಏನ್ ಮಾಡಿದ್ರಿ ಗಾಡಿಗೆ?" ಮಾವ ತಗ್ಗಿದ ದನಿಯಲ್ಲಿ ಕೇಳಿದರು.

"ಬ್ರೇಕ್ ಹಾಕಿದಾಗ ನಡುಗ್ತಿತ್ತು ಮಾವ. ಪೂರ್ತಿ ಸರಿಮಾಡಿಸಿದೀನಿ."

"ನಿಮ್ಗೆ ಯಾರು ಹೇಳಿದ್ರು ಮಾಡ್ಸೋಕೆ?"

"ರೀ" ಎಂದರು ಅತ್ತೆ ಹಿಂದಿನಿಂದ. "ಮೂರು ವರ್ಷದಿಂದ ಕೇಳಿದಾಗೆಲ್ಲ, ಕಾರು ನಡುಗುತ್ತೆ, ಅದಕ್ಕೇ ಕೈ ನಡುಗುತ್ತೆ ಅಂತಿದ್ರಿ. ಈಗ ಕಾರು ತೆಪ್ಪಗಿದೆಯಲ್ಲ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರು. ಮಾವ ಗಾಡಿ ಮುಂದೆ ಬಿಟ್ಟರು.

"ಆಚೆ ಬದಿಗೆ ನಿಲ್ಸಿ" ಎಂದರು ಅತ್ತೆ. "ಇಳೀರಿ. ಅಳಿಯಂದ್ರು ಓಡಿಸ್ಲಿ."

ಮಾವ ಇಳಿದು ಈಚೆ ಬಂದು ಕೂತು, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಅಳಿಯನಿಗೆ ಪಾಪ ಅನ್ನಿಸಿತು. ಆದರೆ ಆ ಕರುಣೆ ಬಹಳ ಹೊತ್ತು ಉಳಿಯಲು ಅತ್ತೆ ಬಿಡಲಿಲ್ಲ.

"ನಾಳೆ ಎಂಟಕ್ಕೆ ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಬುಧವಾರ ನನ್ನ ತಂಗಿ ಮನೆ. ಭಾನುವಾರ ಬೆಳಿಗ್ಗೆಯಿಂದ ಸಂಜೆತನಕ ಇವರ ಇಸ್ಪೀಟಿನ ಗೆಳೆಯರ ಮನೆ, ಅಲ್ಲೇ ಕಾಯ್ಬೇಕು."

"ಭಾನುವಾರ ಮಕ್ಕಳನ್ನ ಹೊಳೆಗೆ..."

"ಇನ್ಮೇಲೆ ಗಾಡಿ ನಿಮ್ಮದೇ ಅಂದ್ಕೊಳ್ಳಿ ಅಳಿಯಂದ್ರೆ."

ಕಾರು ಸ್ವಲ್ಪ ದೂರ ಹೋಯಿತು. ಆಮೇಲೆ ಮಾವ ಅಳಿಯನ ಕಡೆ ವಾಲಿ ಪಿಸುಗುಟ್ಟಿದರು. "ಹಳೇ ಡಿಸ್ಕು ಬಿಸಾಕಿದ್ರಾ?"

"ಇಲ್ಲ ಮಾವ. ಡಿಕ್ಕಿಯಲ್ಲಿದೆ."

"ಅದನ್ನೇ ವಾಪಸ್ ಕೂರಿಸ್ಬೇಕಂದ್ರೆ, ನಿಮ್ಮ ಮೆಕ್ಯಾನಿಕ್ ಬೆಳಿಗ್ಗೆ ಎಷ್ಟೊತ್ತಿಗೆ ಬಾಗಿಲು ತೆಗೀತಾನೆ?"

ಅಳಿಯ ಆ ಲೆಕ್ಕವನ್ನೇ ಹಾಕುತ್ತಿದ್ದ. "ಏಳಕ್ಕೆ" ಎಂದ, ಅಷ್ಟೇ ಮೆಲ್ಲಗೆ.

ಕಾರು ತಿರುವಿನಲ್ಲಿ ತಿರುಗಿತು. ಡಿಕ್ಕಿಯೊಳಗೆ ಗೋಣಿಚೀಲ ಠಣ್ಣೆಂದಿತು.

"ಅದೇನೋ ಹಿಂದೆ ಸದ್ದು ಮಾಡ್ತಿದೆ" ಎಂದರು ಅತ್ತೆ. "ಆ ಹಳೇ ಡಿಸ್ಕೇ ಇರ್ಬೇಕು. ದಾರಿಲೇ ಗುಜರಿ ಅಂಗಡಿ ಸಿಗುತ್ತೆ. ಈಗ್ಲೇ ಕೊಟ್ಟು ಹೋಗೋಣ, ನಿಲ್ಸಿ."

ಅಳಿಯ ಬ್ರೇಕ್ ಹಾಕಿದ. ಕಾರು ಒಂದಿಷ್ಟೂ ನಡುಗದೆ ನಿಂತಿತು.